ಉಪ್ಪಿನ ಆಗರದ ಕೆಂಪು ನೀರು

(ನಮ್ಮ ಕನ್ನಡ ಕಾರ್ಯಕ್ರಮದ ವಿಜ್ಞಾನ ಭಾಷಣದ ಬರಹರೂಪ)



ಭಿವಂಡಿ, ಕಲ್ಯಾಣ, ಡೊಂಬಿವಲಿ, ಠಾಣೆ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರಿಗೆ ಉಪ್ಪಿನ ಆಗರ ಅಪರಿಚಿತವಲ್ಲ. ಭಾಯಂದರ್ ದಾಟಿ ವಸಾಯಿ ಖಾಡಿಯ ಸೇತುವೆಯ ಕಡೆಗೆ ರೈಲು ಹೋಗುವಾಗ, ಇಲ್ಲವೆ ಮುಲುಂಡ್, ಭಾಂಡುಪ್, ಕಾಂಜೂರ್‌ಮಾರ್ಗದ ಪಕ್ಕದ ಹೆದ್ದಾರಿಯಲ್ಲಿ ಬಸ್ಸು ಸಾಗುವಾಗ ಚೌಕ ಚೌಕವಾಗಿ ಬದು ಕಟ್ಟಿದ ಬಯಲನ್ನು ನೀವು ನೋಡಿರುತ್ತೀರಿ. ಮರಾಠಿಯಲ್ಲಿ ಇದಕ್ಕೆ ಮಿಠಾಗರ ಎನ್ನುತ್ತಾರೆ. ನಮ್ಮ ಉತ್ತರ ಕನ್ನಡದ ಗೋಕರ್ಣದ ಬಳಿ ಸಾಣಿಕಟ್ಟೆಯಲ್ಲಿ ಇದು ಉಪ್ಪಿನ ಆಗರ. ಎರಡು ಭಾಷೆಯಲ್ಲೂ ಆಗರ ಎಂಬ ಒಂದೇ ಮಾತಿದೆ. ಭಿವಂಡಿ, ಠಾಣೆ, ರಾಯಗಡದ ಹಳ್ಳಿಗಳಲ್ಲಿರುವ ಆಗ್ರಿ ಸಮಾಜದವರ ಹೆಸರಿನ ಮೂಲವನ್ನು ಈ ಆಗರದಲ್ಲೇ ಕಾಣುವವರಿದ್ದಾರೆ. ಉತ್ತರ ಕನ್ನಡದಲ್ಲೂ ಉಪ್ಪಿನ ಕೆಲಸಕ್ಕೆ ಹೆಸರಾದ ಆಗೇರ ಸಮಾಜವಿದೆ. ಎರಡು ಕರಾವಳಿಗಳ ದುಡಿಮೆಗಾರರನ್ನು ಉಪ್ಪು ಹೀಗೆ ಒಂದೇ ಮಾತಿನಲ್ಲಿ ಹೊಲಿದಿದೆ.

ಉಪ್ಪಿನ ಕಥೆ ಎಂದರೆ ನಮಗೆ ಮೊದಲು ನೆನಪಾಗುವುದು 1930. ಆ ವರ್ಷ ಅಂಕೋಲೆಯಲ್ಲಿ ಜನ ಕಾನೂನು ಮುರಿದು ಉಪ್ಪು ತೆಗೆದರು. ಇಲ್ಲಿ ಮುಂಬಯಿಯ ವಡಾಲಾದ ಆಗರಕ್ಕೆ ಸತ್ಯಾಗ್ರಹಿಗಳು ನುಗ್ಗಿದರು. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಇದೇ ನಗರದಲ್ಲಿ ಸತ್ಯಾಗ್ರಹದ ಉಪ್ಪನ್ನು ಮಾರಿ ಸೆರೆಮನೆ ಕಂಡರು. ಆ ಕಥೆಯನ್ನು ನಮ್ಮ ಹಿರಿಯರು ಹೇಳಿದ್ದಾರೆ, ಹೇಳುತ್ತಲೂ ಇದ್ದಾರೆ. ಇವತ್ತು ನಾನು ಹೇಳಹೊರಟಿರುವುದು ಅದೇ ಆಗರದಲ್ಲಿ ಕಣ್ಣಿಗೆ ಕಾಣದೆ ಬದುಕುವ ಜೀವಿಗಳ ಕಥೆಯನ್ನು.

ಮಳೆಗಾಲ ಮುಗಿದ ಮೇಲೆ ಆಗರದ ಕೆಲಸ ಶುರುವಾಗುತ್ತದೆ. ಉಬ್ಬರದ ಹೊತ್ತಿನಲ್ಲಿ ಖಾಡಿಯ ನೀರನ್ನು ಒಳಗೆ ಬಿಟ್ಟುಕೊಂಡು ನಿಲ್ಲಿಸುತ್ತಾರೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಬಿಸಿಲಿಗೆ ಅದು ಬತ್ತುತ್ತಾ ಬಂದಂತೆ ಒಂದು ಮಡಿಯಿಂದ ಇನ್ನೊಂದು ಮಡಿಗೆ ಹರಿಸುತ್ತಾರೆ. ಲೀಟರಿಗೆ 250 ಗ್ರಾಂ ದಾಟುವ ಹೊತ್ತಿಗೆ ಹರಳು ಕಟ್ಟಲು ತೊಡಗುತ್ತದೆ. ಆ ಕೊನೆಯ ಮಡಿಗಳಲ್ಲಿ ನೀರಿನ ಬಣ್ಣ ನೋಡಬೇಕು: ತಿಳಿ ಗುಲಾಬಿ, ಕೆಲವೊಮ್ಮೆ ಕುಂಕುಮ ಕದಡಿದ ಹಾಗೆ ಕೆಂಪು. ನೋಡಿದವರು ಇದು ಯಾವುದೋ ಕಾರ್ಖಾನೆಯ ಬಣ್ಣದ ನೀರು ಎಂದುಕೊಳ್ಳಬಹುದು. ಬಟ್ಟೆಯ ಊರಾದ ಭಿವಂಡಿಯ ಜನಕ್ಕೆ ಹಾಗೆ ಅನ್ನಿಸಿದರೆ ಆಶ್ಚರ್ಯವೂ ಇಲ್ಲ. ಆದರೆ ಅದು ಜೀವಂತ ಬಣ್ಣ. ಡುನಾಲಿಯೆಲ್ಲಾ ಎಂಬ ಪಾಚಿಯ ಪಾಲು ಸ್ವಲ್ಪ. ಉಳಿದದ್ದು ಬಹುಪಾಲು ಉಪ್ಪನ್ನೇ ನೆಚ್ಚಿ ಬದುಕುವ ಸೂಕ್ಷ್ಮಜೀವಿಗಳದು. ಕೆಂಪು ನೀರು ಬಿಸಿಲನ್ನು ಹೆಚ್ಚು ಹೀರುವುದರಿಂದ ಬೇಗ ಬಿಸಿಯಾಗಿ ಬೇಗ ಆವಿಯಾಗುತ್ತದೆ. ಅಂದರೆ ಉಪ್ಪು ತೆಗೆಯುವವರಿಗೆ ಈ ಜೀವಿಗಳು ಕೂಲಿ ಕೇಳದ ಆಳುಗಳು!

ನಮ್ಮ ಮಹಾರಾಷ್ಟ್ರದಲ್ಲೇ ಈ ಬಣ್ಣ ಒಮ್ಮೆ ದೊಡ್ಡ ಸುದ್ದಿಯಾಯಿತು. ಬುಲಢಾಣಾ ಜಿಲ್ಲೆಯ ಲೋಣಾರ್ ಸರೋವರ ಉಲ್ಕೆ ಬಿದ್ದು ಆದ ಕುಳಿಯಲ್ಲಿ ನಿಂತ ಉಪ್ಪು ನೀರಿನ ಕೆರೆ. 2020ರ ಜೂನ್ ತಿಂಗಳಲ್ಲಿ ಆ ಕೆರೆಯ ಹಸಿರು ನೀರು ಗುಲಾಬಿಗೆ ತಿರುಗಿತು. ಲಾಕ್‌ಡೌನಿನ ದಿನಗಳು, ಜನರ ಬಾಯಲ್ಲಿ ಏನೇನೋ ಮಾತು. ವಿಷಯ ಬಾಂಬೆ ಹೈಕೋರ್ಟಿನ ನಾಗಪುರ ಪೀಠದವರೆಗೂ ಹೋಯಿತು. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯವರು ನೀರನ್ನು ಪರೀಕ್ಷಿಸಿ, ಬಣ್ಣಕ್ಕೆ ಕಾರಣ ಉಪ್ಪುಪ್ರಿಯ ಜೀವಿಗಳಾದ ಹ್ಯಾಲೊಆರ್ಕಿಯಾ ಎಂದು ಹೇಳಿದರು. ಬೇಸಗೆಯಲ್ಲಿ ನೀರು ಬತ್ತಿ ಉಪ್ಪು ಹೆಚ್ಚಿದಾಗ ಅವು ವಿಪರೀತವಾಗಿ ಬೆಳೆದಿದ್ದವು.

ಈ ಹೆಸರಿನ ಬಗ್ಗೆ ಒಂದು ಮಾತು. ಮೊದಲಿನಿಂದಲೂ ಇವನ್ನು ಉಪ್ಪುಪ್ರಿಯ ಬ್ಯಾಕ್ಟೀರಿಯಾ ಎಂದೇ ಕರೆಯುವುದು ರೂಢಿ. ಇವುಗಳಲ್ಲಿ ಒಂದರ ಹೆಸರೇ ಹ್ಯಾಲೊಬ್ಯಾಕ್ಟೀರಿಯಂ. ಆದರೆ 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಸೂಕ್ಷ್ಮಜೀವಿಗಳಲ್ಲಿ ಬ್ಯಾಕ್ಟೀರಿಯಾಗಳಿಂದ ಬೇರೆಯಾದ ಇನ್ನೊಂದು ಕುಲವೇ ಇದೆಯೆಂದು ತೋರಿಸಿಕೊಟ್ಟರು. ಅದೇ ಇಂದು ಆರ್ಕಿಯಾ. ಆಗರದ ಕೆಂಪು ಜೀವಿಗಳಲ್ಲಿ ಹೆಚ್ಚಿನವು ಈ ಕುಲಕ್ಕೆ ಸೇರಿದವು. ಹಳೆಯ ಹೆಸರು ಮಾತ್ರ ಹಾಗೇ ಉಳಿದುಕೊಂಡಿದೆ, ಮದುವೆಯಾಗಿ ಊರು ಬಿಟ್ಟರೂ ತವರಿನ ಹೆಸರು ಉಳಿಯುವ ಹಾಗೆ.

ಕರಾವಳಿಯ ಶ್ರೋತೃಗಳಿಗೆ ಇನ್ನೊಂದು ಗುರುತು ಹೇಳುತ್ತೇನೆ. ಉಪ್ಪು ಹಾಕಿದ ಒಣಮೀನಿನ ಮೇಲೆ ಕೆಲವು ಸಲ ಕೆಂಪು ಬಣ್ಣ ಹಿಡಿಯುತ್ತದಲ್ಲ, ಅದೂ ಇವುಗಳದೇ ಕೆಲಸ. ಕೆನಡಾ ದೇಶದಲ್ಲಿ ಉಪ್ಪುಮೀನಿನ ವ್ಯಾಪಾರಕ್ಕೆ ಇದರಿಂದ ತೊಂದರೆಯಾದಾಗ, 1922ರಲ್ಲಿ ಹ್ಯಾರಿಸನ್ ಮತ್ತು ಕೆನಡಿ ಎಂಬ ಇಬ್ಬರು ಸಂಶೋಧಕರು ಆ ಕೆಂಪಿನ ಬಗ್ಗೆ ಬರೆದರು. ಮೀನು ಕೆಡದಿರಲಿ ಎಂದು ನಾವು ಉಪ್ಪು ಹಾಕುತ್ತೇವೆ. ಬೇರೆ ರೋಗಾಣುಗಳು ಆ ಉಪ್ಪಿನಲ್ಲಿ ಒಣಗಿ ಸಾಯುತ್ತವೆ. ಇವು ಮಾತ್ರ ಉಪ್ಪಿನ ಜೊತೆಗೇ ಬಂದು ಅಲ್ಲಿ ಸಂಸಾರ ಹೂಡುತ್ತವೆ.

ಅದು ಹೇಗೆ ಸಾಧ್ಯ? ಹೊರಗೆ ಉಪ್ಪು ಹೆಚ್ಚಿದ್ದರೆ ಜೀವಕೋಶದ ಒಳಗಿನ ನೀರು ಹೊರಕ್ಕೆ ಸೆಳೆದು ಹೋಗುತ್ತದೆ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳು ನೀರು ಬಿಡುವುದು ಇದೇ ಕಾರಣಕ್ಕೆ. ಹ್ಯಾಲೊಬ್ಯಾಕ್ಟೀರಿಯಂ ಇದಕ್ಕೊಂದು ಉಪಾಯ ಕಂಡುಕೊಂಡಿದೆ. ತನ್ನ ಒಡಲಿನೊಳಗೆ ಪೊಟ್ಯಾಸಿಯಂ ಲವಣವನ್ನು ಹೊರಗಿನಷ್ಟೇ ಸಾಂದ್ರವಾಗಿ ತುಂಬಿಕೊಳ್ಳುತ್ತದೆ. ಒಳಗೂ ಹೊರಗೂ ಸರಿಸಮವಾದರೆ ನೀರು ಓಡಿಹೋಗುವುದಿಲ್ಲ. ಅದರ ಪ್ರೋಟೀನುಗಳೂ ಅಷ್ಟು ಉಪ್ಪಿನಲ್ಲಿ ಕೆಲಸ ಮಾಡುವಂತೆಯೇ ರೂಪುಗೊಂಡಿವೆ. ಹಾಗಾಗಿ ಇವನ್ನು ಸಿಹಿನೀರಿಗೆ ಹಾಕಿದರೆ ಕೋಶ ಒಡೆದು ಸತ್ತುಹೋಗುತ್ತವೆ. ನಮಗೆ ಅಮೃತವಾದದ್ದು ಅವಕ್ಕೆ ವಿಷ.

ಈಗ ಈ ಭಾಷಣದ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ಪ್ಲಾಸ್ಮಿಡ್.

ಪ್ರತಿಯೊಂದು ಜೀವಿಯ ಬದುಕಿನ ಬರಹ ಡಿಎನ್‌ಎಯಲ್ಲಿರುತ್ತದೆ ಎಂಬುದು ನಿಮಗೆ ಗೊತ್ತು. ಆ ಬರಹದ ಮುಖ್ಯ ಹೊತ್ತಿಗೆಯೇ ವರ್ಣತಂತು. ಆದರೆ ಅನೇಕ ಸೂಕ್ಷ್ಮಜೀವಿಗಳಲ್ಲಿ ಅದರ ಹೊರಗೆ ಬೇರೆಯಾಗಿ, ಬಳೆಯಂತೆ ಸುತ್ತಿಕೊಂಡ ಡಿಎನ್‌ಎ ತುಣುಕುಗಳೂ ಇರುತ್ತವೆ. 1952ರಲ್ಲಿ ಜೋಶುವಾ ಲೆಡರ್‌ಬರ್ಗ್ ಎಂಬ ವಿಜ್ಞಾನಿ ಇಂಥವಕ್ಕೆ ಪ್ಲಾಸ್ಮಿಡ್ ಎಂಬ ಹೆಸರು ಕೊಟ್ಟರು. ನಮ್ಮ ಹೋಟೆಲುಗಳ ಲೆಕ್ಕದಲ್ಲಿ ಹೇಳುವುದಾದರೆ, ವರ್ಣತಂತು ಎಂದರೆ ದೊಡ್ಡ ಖಾತೆ ಪುಸ್ತಕ. ಪ್ಲಾಸ್ಮಿಡ್ ಎಂದರೆ ಗಲ್ಲಾ ಪೆಟ್ಟಿಗೆಯಲ್ಲಿಟ್ಟ ಚೀಟಿ. ಚೀಟಿಯಲ್ಲಿ ಬರೆದದ್ದು ಆಯಾ ಹೊತ್ತಿಗೆ ಉಪಯುಕ್ತ. ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಬಹುದು. ಕಳೆದುಹೋದರೆ ಅಂಗಡಿ ಮುಚ್ಚುವುದಿಲ್ಲ. ಪಾಠಪುಸ್ತಕಗಳಲ್ಲಿ ಪ್ಲಾಸ್ಮಿಡ್ ಎಂದರೆ ಬಹುಮಟ್ಟಿಗೆ ಇದೇ ವಿವರಣೆ. ಪ್ರಯೋಗಾಲಯಗಳಲ್ಲಿ ಹೆಸರಾದ ಪಿಬಿಆರ್-322 ಎಂಬ ಪ್ಲಾಸ್ಮಿಡ್ಡಿನಲ್ಲಿ ಡಿಎನ್‌ಎಯ ಅಕ್ಷರಜೋಡಿಗಳು ಕೇವಲ 4,361.

ಆದರೆ ಉಪ್ಪುಪ್ರಿಯ ಜೀವಿಗಳು ಈ ವಿವರಣೆಯನ್ನು ಬುಡಮೇಲು ಮಾಡಿದವು. ಹ್ಯಾಲೊಬ್ಯಾಕ್ಟೀರಿಯಮ್ಮಿನ ಎನ್‌ಆರ್‌ಸಿ-1 ಎಂಬ ತಳಿಯ ಇಡೀ ಜೀನೋಮನ್ನು ಅಮೆರಿಕದಲ್ಲಿ ಶಿಲಾದಿತ್ಯ ದಾಸ್‌ಶರ್ಮಾ, ಲಿರಾಯ್ ಹುಡ್ ಮತ್ತು ಸಂಗಡಿಗರು ಓದಿ 2000ನೇ ಇಸವಿಯಲ್ಲಿ ಪ್ರಕಟಿಸಿದರು. ಒಟ್ಟು 25,71,010 ಅಕ್ಷರಜೋಡಿಗಳು. ಅದರಲ್ಲಿ ದೊಡ್ಡ ವರ್ಣತಂತುವಿನದು 20,14,239. ಉಳಿದದ್ದು ಎರಡು ಬೃಹತ್ ಬಳೆಗಳಲ್ಲಿ: ಪಿಎನ್‌ಆರ್‌ಸಿ-200 ಎಂಬುದರಲ್ಲಿ 3,65,425, ಪಿಎನ್‌ಆರ್‌ಸಿ-100 ಎಂಬುದರಲ್ಲಿ 1,91,346. ಎರಡನ್ನೂ ಕೂಡಿಸಿದರೆ ಆ ಜೀವಿಯ ಒಟ್ಟು ಬರಹದಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು. ಗಲ್ಲಾ ಪೆಟ್ಟಿಗೆಯ ಚೀಟಿ ಎಂದರೆ ಯಾರು ನಂಬುತ್ತಾರೆ? ಇದು ಇನ್ನೊಂದು ಪುಸ್ತಕ.

ಗಾತ್ರ ಒಂದು ಕಡೆಗಿರಲಿ, ಒಳಗೆ ಬರೆದದ್ದು ಏನು ಎಂಬುದು ಇನ್ನೂ ಕುತೂಹಲದ ಸಂಗತಿ. ಚಿಕ್ಕ ಬಳೆಯಲ್ಲಿ ಒಟ್ಟೊಟ್ಟಾಗಿ ಹದಿನಾಲ್ಕು ವಂಶವಾಹಿಗಳಿವೆ. ಕೋಶದೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಬುರುಡೆಗಳನ್ನು ಕಟ್ಟುವುದು ಅವುಗಳ ಕೆಲಸ. ಈಜು ಕಲಿಯುವ ಮಕ್ಕಳ ಸೊಂಟಕ್ಕೆ ಹಿಂದೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರಲ್ಲ, ಹಾಗೆ. ಮಂದವಾದ ಉಪ್ಪು ನೀರಿನಲ್ಲಿ ಆಮ್ಲಜನಕ ಕಡಿಮೆ. ಬುರುಡೆಯಿದ್ದರೆ ಜೀವಿ ಮೇಲಕ್ಕೆ ತೇಲಿ ಗಾಳಿಯನ್ನೂ ಬೆಳಕನ್ನೂ ಪಡೆಯುತ್ತದೆ. ಇದು ಚೀಟಿಯ ಮಟ್ಟದ ಅನುಕೂಲ ಎನ್ನೋಣ. ಆದರೆ ಈ ಎರಡು ಬಳೆಗಳಲ್ಲಿ ಅನುಕೂಲಕ್ಕಷ್ಟೇ ಅಲ್ಲ, ಪ್ರಾಣ ಉಳಿಯಲು ಅಗತ್ಯವೆನಿಸುವ ಸುಮಾರು ನಲವತ್ತು ವಂಶವಾಹಿಗಳೂ ಇವೆಯೆಂದು ಸಂಶೋಧಕರು ಗುರುತಿಸಿದರು. ಅರ್ಜಿನೈನ್ ಎಂಬ ಅಮೈನೊ ಆಮ್ಲವನ್ನು ಪ್ರೋಟೀನಿನ ಸರಪಣಿಗೆ ಸೇರಿಸಲು ಸಿದ್ಧಪಡಿಸುವ ಕಿಣ್ವದ ವಂಶವಾಹಿ ಅವುಗಳಲ್ಲೊಂದು. ಅದಿಲ್ಲದಿದ್ದರೆ ಪ್ರೋಟೀನು ಕಟ್ಟುವ ಕೆಲಸವೇ ನಿಲ್ಲುತ್ತದೆ. ಈ ಚೀಟಿ ಕಳೆದರೆ ಅಂಗಡಿ ಮುಚ್ಚಿದಂತೆಯೇ! ಚಿಕ್ಕ ಬಳೆಯನ್ನು 1998ರಲ್ಲೇ ಪೂರ್ತಿ ಓದಿದಾಗ ಅದೇ ಸಂಶೋಧಕರು, ಇದನ್ನು ದೊಡ್ಡ ಪ್ಲಾಸ್ಮಿಡ್ ಎನ್ನಬೇಕೋ ಚಿಕ್ಕ ವರ್ಣತಂತು ಎನ್ನಬೇಕೋ ಎಂಬ ಪ್ರಶ್ನೆಯನ್ನು ತಮ್ಮ ಪ್ರಬಂಧದ ತಲೆಬರಹದಲ್ಲೇ ಎತ್ತಿದ್ದರು. ಮುಂದೆ 2010ರಲ್ಲಿ, ವರ್ಣತಂತುವಿಗೂ ಪ್ಲಾಸ್ಮಿಡ್ಡಿಗೂ ನಡುವೆ ನಿಲ್ಲುವ ಇಂಥ ಡಿಎನ್‌ಎಗೆ ಕ್ರೋಮಿಡ್ ಎಂಬ ಹೊಸ ಹೆಸರನ್ನೇ ಕೆಲವರು ಸೂಚಿಸಿದರು.

ಮೃತ ಸಮುದ್ರದ ಹ್ಯಾಲೊಆರ್ಕ್ಯುಲಾ ಎಂಬ ಜೀವಿಯ ಜೀನೋಮ್ 2004ರಲ್ಲಿ ಪ್ರಕಟವಾಯಿತು. ಆ ಪ್ರಬಂಧದ ಮೊದಲ ಲೇಖಕರು ನಿತಿನ್ ಬಾಳಿಗಾ. ಬಾಳಿಗಾ ಎಂದೊಡನೆ ನಮ್ಮ ಕರಾವಳಿಯವರ ಕಿವಿ ಚುರುಕಾಗುವುದು ಸಹಜ. ಆ ಜೀವಿಯ ಬರಹ ಒಂದಲ್ಲ, ಎರಡಲ್ಲ, ಒಂಬತ್ತು ಬಳೆಗಳಲ್ಲಿ ಹಂಚಿಹೋಗಿದೆ. ಇಲ್ಲೊಂದು ಸ್ವಾರಸ್ಯ ಕೇಳಿ. ಅವುಗಳಲ್ಲಿ ಎರಡನೇ ವರ್ಣತಂತು ಎಂದು ಕರೆದದ್ದರ ಉದ್ದ ಸುಮಾರು 2,88,000 ಅಕ್ಷರಜೋಡಿ. ಅದೇ ಜೀವಿಯಲ್ಲಿ ಪ್ಲಾಸ್ಮಿಡ್ ಎಂದು ಕರೆದ ಒಂದು ಬಳೆಯ ಉದ್ದ ಸುಮಾರು 4,10,000. ಚಿಕ್ಕದಕ್ಕೆ ವರ್ಣತಂತುವಿನ ಪದವಿ, ದೊಡ್ಡದಕ್ಕೆ ಇಲ್ಲ. ಏಕೆಂದರೆ ಆ ಚಿಕ್ಕದರಲ್ಲಿ ರೈಬೊಸೋಮಿಗೆ ಬೇಕಾದ ಆರ್‌ಎನ್‌ಎಯ ವಂಶವಾಹಿಗಳಿವೆ. ರೈಬೊಸೋಮ್ ಎಂದರೆ ಪ್ರೋಟೀನು ಕಟ್ಟುವ ಯಂತ್ರ. ಪದವಿ ಬಂದದ್ದು ಗಾತ್ರದಿಂದಲ್ಲ, ಹೊತ್ತ ಜವಾಬ್ದಾರಿಯಿಂದ. ಮನುಷ್ಯರಿಗೂ ಇದು ಸಲ್ಲುವ ಮಾತೇ.

ಸ್ಪೇನಿನ ಉಪ್ಪಿನ ಆಗರದಲ್ಲಿ ಸಿಕ್ಕ ಹ್ಯಾಲೊಫೆರಾಕ್ಸ್ ಮೆಡಿಟರೇನಿಯೈ ಎಂಬ ಇನ್ನೊಂದು ಜೀವಿ ಆಹಾರ ಹೆಚ್ಚಾದಾಗ ಅದನ್ನು ಒಂದು ಬಗೆಯ ಪ್ಲಾಸ್ಟಿಕ್ಕಿನ ರೂಪದಲ್ಲಿ ಕೋಶದೊಳಗೆ ಕೂಡಿಡುತ್ತದೆ. ನಮ್ಮ ಪ್ಲಾಸ್ಟಿಕ್ ಚೀಲದಂತಲ್ಲ, ಇದು ಮಣ್ಣಿನಲ್ಲಿ ಕೊಳೆತು ಹೋಗುವಂಥದ್ದು. ಅದನ್ನು ತಯಾರಿಸುವ ಕಿಣ್ವದ ವಂಶವಾಹಿಗಳಿರುವುದು ಮೂರು ಲಕ್ಷ ಅಕ್ಷರಜೋಡಿ ದಾಟಿದ ದೊಡ್ಡ ಪ್ಲಾಸ್ಮಿಡ್ಡಿನಲ್ಲಿ. ಹ್ಯಾಲೊಬ್ಯಾಕ್ಟೀರಿಯಮ್ಮಿನ ಗಾಳಿಬುರುಡೆಗಳೂ ವೈದ್ಯವಿಜ್ಞಾನದ ಕಣ್ಣಿಗೆ ಬಿದ್ದಿವೆ. ಶಬ್ದತರಂಗವನ್ನು ಅವು ಚೆನ್ನಾಗಿ ಹಿಂದಿರುಗಿಸುವುದರಿಂದ ಸೋನೋಗ್ರಫಿಯ ಚಿತ್ರವನ್ನು ಸ್ಪಷ್ಟಗೊಳಿಸಬಹುದೆಂದು 2014ರಲ್ಲಿ ಅಮೆರಿಕದ ಸಂಶೋಧಕರು ಪ್ರಾಣಿಗಳಲ್ಲಿ ತೋರಿಸಿದರು.

ಇನ್ನು ಈ ದೊಡ್ಡ ಪ್ಲಾಸ್ಮಿಡ್ಡುಗಳ ಸ್ವಭಾವ ನೋಡಿ. ಮುಖ್ಯ ಪುಸ್ತಕ ಗಂಭೀರ. ಎರಡನೇ ಪುಸ್ತಕ ಬಲು ಚಂಚಲ. ಅದರಲ್ಲಿ ಜಿಗಿಯುವ ವಂಶವಾಹಿ ತುಣುಕುಗಳು ಕಿಕ್ಕಿರಿದಿವೆ. ಇಂದು ಇಲ್ಲಿದ್ದದ್ದು ನಾಳೆ ಇನ್ನೊಂದು ಪುಟದ ನಡುವೆ ಹೋಗಿ ಕೂತುಕೊಳ್ಳುತ್ತದೆ. ಹಾಗೆ ಕೂತದ್ದು ಬುರುಡೆ ಕಟ್ಟುವ ಸೂಚನೆಯ ನಡುವೆಯಾದರೆ ಆ ಜೀವಿ ತೇಲುವುದನ್ನೇ ಮರೆಯುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಇದನ್ನು ಬರಿಗಣ್ಣಿನಲ್ಲೇ ಕಾಣಬಹುದು: ಬುರುಡೆಯಿರುವ ಗುಂಪು ಮಬ್ಬು ಗುಲಾಬಿ, ಇಲ್ಲದ್ದು ಪಾರದರ್ಶಕ ಕೆಂಪು. ನೂರರಲ್ಲಿ ಒಂದರಷ್ಟು ಗುಂಪುಗಳು ಹೀಗೆ ಬದಲಾಗುತ್ತವೆ. ಸಾಮಾನ್ಯ ವರ್ಣತಂತುವಿನ ವಂಶವಾಹಿಗಳಿಗೆ ಹೋಲಿಸಿದರೆ ಇದು ಬಹಳ ದೊಡ್ಡ ಪ್ರಮಾಣ. ಹ್ಯಾಲೊಬ್ಯಾಕ್ಟೀರಿಯಮ್ಮಿನ ಈ ಚಂಚಲತೆಯನ್ನು ಜರ್ಮನಿಯ ಫೆಲಿಸಿಟಾಸ್ ಫೈಫರ್ ಮತ್ತು ಸಂಗಡಿಗರು 1981ರಲ್ಲೇ ವರದಿ ಮಾಡಿದ್ದರು.

ಇದರಿಂದ ಜೀವಿಗೆ ನಷ್ಟವೇ? ಹಾಗೆನ್ನಲಾಗದು. ಆಗರದ ಬದುಕನ್ನು ಯೋಚಿಸಿ. ಬೇಸಗೆಯಲ್ಲಿ ಹರಳುಗಟ್ಟುವ ಉಪ್ಪು, ಜೂನಿನಲ್ಲಿ ಒಮ್ಮೆಲೇ ಸುರಿಯುವ ಮಳೆನೀರು. ಇಂದು ತೇಲಬೇಕು, ನಾಳೆ ತೇಲಿದರೆ ಬಿಸಿಲಿನ ಪೆಟ್ಟು. ಎಲ್ಲರೂ ಒಂದೇ ಥರ ಇದ್ದರೆ ಒಂದು ಕೆಟ್ಟ ದಿನಕ್ಕೆ ಎಲ್ಲರೂ ಹೋದಂತೆ. ಕೆಲವರು ಹೀಗೆ, ಕೆಲವರು ಹಾಗೆ ಇದ್ದರೆ ಯಾರಾದರೂ ಉಳಿಯುತ್ತಾರೆ. ಬದುಕಿಗೆ ಬೇಕಾದ ಮೂಲವಿಷಯಗಳನ್ನು ಬಹುಮಟ್ಟಿಗೆ ಒಂದು ಪುಸ್ತಕದಲ್ಲಿ ಭದ್ರವಾಗಿಟ್ಟು, ಪ್ರಯೋಗಗಳನ್ನು ಇನ್ನೊಂದರಲ್ಲಿ ಮಾಡುವ ಏರ್ಪಾಡು ಇದು ಎಂದು ಅರ್ಥಮಾಡಿಕೊಳ್ಳಬಹುದು. ಅಷ್ಟೇ ಅಲ್ಲ, ಹ್ಯಾಲೊಫೆರಾಕ್ಸ್ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಡಿಎನ್‌ಎ ಹಂಚಿಕೊಳ್ಳುತ್ತವೆಂದು 1985ರಲ್ಲಿ ಇಸ್ರೇಲಿನ ಸಂಶೋಧಕರು ತೋರಿಸಿದ್ದಾರೆ.

ಇಷ್ಟೆಲ್ಲ ನಮಗೇಕೆ ಎಂದು ಯಾರಾದರೂ ಕೇಳಬಹುದು. ಎರಡು ಕಾರಣ ಹೇಳುತ್ತೇನೆ.

ಮೊದಲನೆಯದು ನಮ್ಮ ಆರೋಗ್ಯದ್ದು. ಉಪ್ಪುಪ್ರಿಯ ಆರ್ಕಿಯಾಗಳಿಂದ ಮನುಷ್ಯರಿಗೆ ರೋಗ ಬಂದದ್ದು ತಿಳಿದಿಲ್ಲ. ಆದರೆ ರೋಗ ತರುವ ಬ್ಯಾಕ್ಟೀರಿಯಾಗಳಲ್ಲೂ ಪ್ಲಾಸ್ಮಿಡ್ಡುಗಳಿವೆ, ಮತ್ತು ಅಲ್ಲಿ ಅವು ಮಾಡುವ ಕೆಲಸ ಭಯ ಹುಟ್ಟಿಸುತ್ತದೆ. 1950ರ ದಶಕದಲ್ಲಿ ಜಪಾನಿನಲ್ಲಿ ರಕ್ತಭೇದಿಯ ರೋಗಾಣುಗಳು ನಾಲ್ಕು ಬಗೆಯ ಔಷಧಿಗಳಿಗೆ ಒಟ್ಟಿಗೇ ಬಗ್ಗದಾದವು. ಈ ಹಟ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ ಎಂದು ಅಲ್ಲಿನ ವಿಜ್ಞಾನಿಗಳು 1959ರ ಸುಮಾರಿಗೆ ಕಂಡುಕೊಂಡರು. ದಾಟುತ್ತಿದ್ದದ್ದು ಪ್ಲಾಸ್ಮಿಡ್. ಡಾಕ್ಟರು ಐದು ದಿನಕ್ಕೆ ಬರೆದ ಆ್ಯಂಟಿಬಯಾಟಿಕ್ಕನ್ನು ಎರಡೇ ದಿನಕ್ಕೆ ನಿಲ್ಲಿಸುವವರು, ಚೀಟಿಯಿಲ್ಲದೆ ಮೆಡಿಕಲ್ ಅಂಗಡಿಯಲ್ಲಿ ಕೊಂಡು ನುಂಗುವವರು ಇದನ್ನು ನೆನಪಿಡಬೇಕು. ಬೇಡದ ಕಡೆ ಔಷಧಿ ಸುರಿದಷ್ಟೂ ಅಂಥ ಪ್ಲಾಸ್ಮಿಡ್ ಹೊತ್ತ ರೋಗಾಣುವಿಗೆ ಅನುಕೂಲ. ಇದರ ಇನ್ನೊಂದು ಮುಖವೂ ಇದೆ. ಮೊದಲು ಹೇಳಿದ ಮೃತ ಸಮುದ್ರದ ಹ್ಯಾಲೊಆರ್ಕ್ಯುಲಾದ ರೈಬೊಸೋಮಿನ ದೊಡ್ಡ ಭಾಗದ ಸೂಕ್ಷ್ಮರಚನೆಯನ್ನು 2000ದಲ್ಲಿ ಥಾಮಸ್ ಸ್ಟೈಟ್ಸ್ ಮತ್ತು ಪೀಟರ್ ಮೂರ್ ಅವರ ತಂಡ ಬಿಡಿಸಿ ತೋರಿಸಿತು. ಅನೇಕ ಆ್ಯಂಟಿಬಯಾಟಿಕ್ಕುಗಳು ರೈಬೊಸೋಮಿನಲ್ಲಿ ಎಲ್ಲಿ ಹೋಗಿ ಕೂರುತ್ತವೆ ಎಂದು ತಿಳಿಯಲು ಅದು ನೆರವಾಯಿತು. ರೈಬೊಸೋಮಿನ ಸಂಶೋಧನೆಗಾಗಿ 2009ರ ನೊಬೆಲ್ ಪ್ರಶಸ್ತಿ ಸ್ಟೈಟ್ಸ್, ಅದಾ ಯೋನಾಥ್ ಮತ್ತು ನಮ್ಮ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರಿಗೆ ಸಂದಿತು. ರೋಗಾಣುವಿನೊಡನೆ ನಡೆಯುವ ಹೋರಾಟಕ್ಕೆ ಬೇಕಾದ ತಿಳಿವಳಿಕೆ ಉಪ್ಪು ನೀರಿನ ಜೀವಿಯಿಂದ ಬಂತು!

ಎರಡನೆಯ ಕಾರಣ ನಮ್ಮ ಸುತ್ತಲಿನ ನೆಲದ್ದು. ಮುಂಬಯಿ, ಠಾಣೆಗಳ ಆಗರಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತಾ ಬಂದಿವೆ. 2024ರಲ್ಲಿ ಮುಲುಂಡ್, ಭಾಂಡುಪ್, ಕಾಂಜೂರ್‌ಮಾರ್ಗದ ಸುಮಾರು 256 ಎಕರೆ ಆಗರದ ಭೂಮಿಯನ್ನು ಧಾರಾವಿ ಪುನರ್ವಸತಿಯ ಮನೆಗಳಿಗಾಗಿ ಕೊಡುವ ತೀರ್ಮಾನವನ್ನು ರಾಜ್ಯ ಸರ್ಕಾರ ಮಾಡಿತು. ಮನೆಯಿಲ್ಲದವರಿಗೆ ಮನೆ ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ. ಚಾಳಿನ ಒಂದು ಕೋಣೆಯಲ್ಲಿ ಸಂಸಾರ ಮಾಡಿದ ನಮ್ಮವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ಆದರೆ ಇನ್ನೊಂದು ಲೆಕ್ಕವನ್ನೂ ಮರೆಯುವಂತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದ ಅಳತೆಗೆ 944 ಮಿಲಿಮೀಟರ್ ಮಳೆ ಸುರಿದದ್ದನ್ನೂ, ಕಲ್ಯಾಣದ ಸುತ್ತ ನೀರು ಏರಿದ್ದನ್ನೂ ನಮ್ಮ ಶ್ರೋತೃಗಳಲ್ಲಿ ಅನೇಕರು ಕಂಡವರೇ. ಆಗರದ ತಗ್ಗು ಬಯಲು ಅಂಥ ದಿನ ನೀರಿಗೆ ನಿಲ್ಲಲು ಒಂದಿಷ್ಟು ಜಾಗ ಕೊಡುತ್ತದೆ. ಅದನ್ನು ಮಣ್ಣು ತುಂಬಿ ಎತ್ತರಿಸಿದರೆ ನೀರು ಬೇರೆಯವರ ಮನೆ ಹುಡುಕಿಕೊಂಡು ಹೋಗುತ್ತದೆ.

ಆಗರ ಹೋದರೆ ಅಲ್ಲಿನ ಜೀವಿಗಳೂ ಹೋಗುತ್ತವೆ. ಅವನ್ನು ಬಾಟಲಿಯಲ್ಲಿ ಹಿಡಿದು ಪ್ರಯೋಗಾಲಯದಲ್ಲಿ ಇಟ್ಟುಕೊಂಡರೆ ಸಾಲದೇ ಎಂದು ನೀವು ಕೇಳಬಹುದು. ಇದಕ್ಕೆ ಪ್ಲಾಸ್ಮಿಡ್ಡುಗಳೇ ಉತ್ತರ ಕೊಟ್ಟಿವೆ. ಹ್ಯಾಲೊಬ್ಯಾಕ್ಟೀರಿಯಮ್ಮಿನ ಆರ್-1 ಎಂಬ ಇನ್ನೊಂದು ತಳಿಯನ್ನು ಜರ್ಮನಿಯ ಸಂಶೋಧಕರು ಓದಿ, ಎನ್‌ಆರ್‌ಸಿ-1ರ ಜೊತೆ ಹೋಲಿಸಿ 2008ರಲ್ಲಿ ಪ್ರಕಟಿಸಿದರು. ಎರಡರ ಮುಖ್ಯ ವರ್ಣತಂತುವೂ ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರ ಒಂದೇ. ಆದರೆ ಒಂದರಲ್ಲಿ ಎರಡು ಪ್ಲಾಸ್ಮಿಡ್, ಇನ್ನೊಂದರಲ್ಲಿ ನಾಲ್ಕು. ಒಳಗಿನ ಜೋಡಣೆಯೂ ಬೇರೆ ಬೇರೆ. ಎರಡೂ ಒಂದೇ ಮೂಲದಿಂದ ಬಂದು ಪ್ರಯೋಗಾಲಯಗಳಲ್ಲಿ ಬೆಳೆಯುತ್ತಾ ಹೀಗೆ ಬೇರೆಯಾದವು ಎಂಬುದು ಅವರ ತೀರ್ಮಾನ. ಅಂದರೆ ಬಾಟಲಿಯಲ್ಲಿ ಮೊದಲ ಪುಸ್ತಕ ಉಳಿಯುತ್ತದೆ, ಎರಡನೆಯದು ಉಳಿದರೂ ಬೇರೆಯಾಗಿಬಿಡುತ್ತದೆ. ಬಿಸಿಲು, ಮಳೆ, ಉಬ್ಬರ, ನೆರೆಯ ಜೀವಿಗಳು ಎಲ್ಲ ಸೇರಿ ಬರೆದ ಪುಟಗಳು ಆಗರದಲ್ಲಿ ಮಾತ್ರ ಹಾಗೇ ಇರಬಲ್ಲವು.

ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಸರು, ಮನೆತನ, ಊರಿನ ವಿಳಾಸ ಮೂರು ತಲೆಮಾರಾದರೂ ಉಳಿಯುತ್ತದೆ. ಅಜ್ಜಿಯ ಮಾತಿನ ಧಾಟಿ, ಅಡುಗೆಯ ಹದ, ಮಳೆ ಬರುವ ಮುಂಚೆ ಮೋಡ ನೋಡಿ ಹೇಳುವ ಲೆಕ್ಕ, ಇವು ಜಾಗ ಬದಲಾದರೆ ಬೇಗ ಬದಲಾಗುತ್ತವೆ.

ನಮ್ಮ ಕೈಲಾಗುವುದು ಚಿಕ್ಕದಿರಬಹುದು. ಬೇಸಗೆ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಸಾಣಿಕಟ್ಟೆಯ ಆಗರಕ್ಕೆ ಒಮ್ಮೆ ಕರೆದುಕೊಂಡು ಹೋಗಿ. ಇಲ್ಲೇ ಇರುವವರು ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಭಾಯಂದರ್ ಕಡೆಗೆ ಹೋಗುವಾಗ ರೈಲಿನ ಕಿಟಕಿಯಿಂದ ತೋರಿಸಿ. ನೀರು ಏಕೆ ಕೆಂಪಾಗಿದೆ ಎಂದು ಮಕ್ಕಳು ಕೇಳಿದರೆ ಈಗ ನಿಮ್ಮ ಬಳಿ ಉತ್ತರವಿದೆ. ಮಿಠಾಗರದ ಭವಿಷ್ಯದ ಬಗ್ಗೆ ನಿಮ್ಮ ವಾರ್ಡಿನಲ್ಲಿ ಸಭೆ ನಡೆದಾಗ ಎದ್ದು ನಿಂತು ಎರಡು ಮಾತು ಆಡಲೂ ಅದು ಸಾಕು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎನ್ನುವುದು ನಮ್ಮ ಹಿರಿಯರ ಮಾತು. ನಾವು ಉಂಡ ಉಪ್ಪು ಬಂದದ್ದು ಈ ಆಗರಗಳಿಂದಲೇ.